ಬಿಳಿ ಚೀಟಿ ಇಡದ ಟ್ಯೂಬ್

ತಪ್ಪು ಮೆಷಿನ್ನಿನದಲ್ಲ, ಕಂಪನಿಯದಲ್ಲ, ಕೊರಿಯರ್‌ನವನದೂ ಅಲ್ಲ. ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾಬುಗಳಲ್ಲಿ ತಪ್ಪಾದಾಗ ಅದು ಯಾರದೂ ಅಲ್ಲದ ಹಾಗೆ ಬರೆಯುವ ಒಂದು ಭಾಷೆ ಇದೆ, 'ತಾಂತ್ರಿಕ ಕಾರಣಗಳಿಂದ' ಅಂತ ಶುರುವಾಗುತ್ತದೆ. ಹದಿನಾಲ್ಕು ವರ್ಷ ಅದನ್ನು ಓದಿ ಓದಿ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ರೂಪಶ್ರೀ. ತುಮಕೂರಿನಲ್ಲಿ ಸತ್ಯಮಂಗಲದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಲ್ಯಾಬಿನಲ್ಲಿ ಫ್ಲೋ ಸೈಟೋಮೀಟರ್ ನಡೆಸುತ್ತೇನೆ. ಹೆಸರು ಭಾರಿಯಾಗಿದೆ, ಕೆಲಸ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ರಕ್ತದ, ಇಲ್ಲವೇ ಮೂಳೆಮಜ್ಜೆಯ ಕೋಶಗಳನ್ನು ಒಂದರ ಹಿಂದೆ ಒಂದು ಲೇಸರ್ ಮುಂದೆ ಹರಿಸುತ್ತೇವೆ. ಅದಕ್ಕೆ ಮೊದಲು ಕೋಶದ ಮೇಲಿನ ಒಂದೊಂದು ಗುರುತಿಗೂ ಒಂದೊಂದು ಬಣ್ಣ ಅಂಟಿಸಿರುತ್ತೇವೆ. ಲೇಸರ್ ಬಿದ್ದ ಕೂಡಲೇ ಬಣ್ಣ ಹೊಳೆಯುತ್ತದೆ. ಹಸಿರಿಗೊಂದು ಕಿಟಕಿ, ಕಿತ್ತಳೆಗೊಂದು, ಕೆಂಪಿಗೊಂದು, ಹೀಗೆ ಎಂಟು ಕಿಟಕಿಗಳಲ್ಲಿ ಮೆಷಿನ್ ನೋಡುತ್ತ, ಎಣಿಸುತ್ತ ಹೋಗುತ್ತದೆ. ಯಾವ ಕೋಶ ಒಳ್ಳೆಯದು, ಯಾವುದು ಕ್ಯಾನ್ಸರಿನದು ಅನ್ನುವುದನ್ನು ನಾವು ಆ ಹೊಳಪಿನಿಂದ ಹೇಳುತ್ತೇವೆ.

ಕಷ್ಟ ಇರುವುದು ಎಲ್ಲಿ ಅಂದರೆ, ಯಾವ ಬಣ್ಣವೂ ತನ್ನ ಕಿಟಕಿಯಲ್ಲಿ ಮಾತ್ರ ಹೊಳೆಯುವುದಿಲ್ಲ. ಹಸಿರಿನ ಬೆಳಕು ಅಷ್ಟಿಷ್ಟು ಕಿತ್ತಳೆಯ ಕಿಟಕಿಗೂ ಬೀಳುತ್ತದೆ. ಸಾಫ್ಟ್‌ವೇರ್ ಅದನ್ನು ಕಳೆದು ಕೊಡುತ್ತದೆ, ನಿಜ. ಆದರೆ ಅದು ಕಳೆಯುವುದು ಸರಾಸರಿಯನ್ನು. ಕೆಲವು ಕೋಶಗಳ ಹೊಳಪು ಸರಾಸರಿಗಿಂತ ಅತ್ತ ಇತ್ತ ಚೆದುರಿರುತ್ತದೆ, ಆ ಚೆದುರು ಹಾಗೇ ಉಳಿಯುತ್ತದೆ. ಹಾಗಾಗಿ ಯಾವ ಗುರುತಿಗೆ ಯಾವ ಬಣ್ಣ ಅಂತ ಆರಿಸುವುದರಲ್ಲೇ ಅರ್ಧ ಬುದ್ಧಿವಂತಿಕೆ ಇದೆ. ಕೋಶದ ಮೇಲೆ ರಾಶಿ ಇರುವ ಗುರುತಿಗೆ ಮಂಕು ಬಣ್ಣ ಕೊಡಬೇಕು. ಅಪರೂಪಕ್ಕೆ ಕಾಣುವ ಗುರುತಿಗೆ ಹೊಳೆಯುವ ಬಣ್ಣ ಕೊಡಬೇಕು. ಆ ಅಪರೂಪದ್ದರ ಪಕ್ಕದ ಕಿಟಕಿಯಲ್ಲಿ ಅಬ್ಬರದ ಬಣ್ಣವನ್ನು ತಂದು ಕೂರಿಸಬಾರದು.

ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕೆ ಮೊದಲು ಕಲಿಸಿದವರು ನಮ್ಮಪ್ಪ ಸದಾಶಿವಯ್ಯ. ಗುಬ್ಬಿಯ ಪೇಟೆಯಲ್ಲಿ ನಮ್ಮದು ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ದಾರ. ಈಗ ತಮ್ಮ ಸಂಗಮೇಶ್ ವ್ಯಾಪಾರ ನೋಡಿಕೊಳ್ಳುತ್ತಾನೆ, ಅಪ್ಪ ಪಕ್ಕದ ಸ್ಟೂಲಿನಲ್ಲಿ ಕೂತು ಅವನು ಬಣ್ಣ ಆರಿಸುವುದರಲ್ಲಿ ತಪ್ಪು ಹಿಡಿಯುತ್ತಾರೆ. ಎಪ್ಪತ್ತನಾಲ್ಕಾದರೂ ಅವರ ಕಣ್ಣಿಗೆ ಮೋಸ ಮಾಡುವುದು ಕಷ್ಟ.

ಅಪ್ಪನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಕೆಂಪು ಸೀರೆ ತಂದು, ಅದರ ಮಡಿಕೆಯಲ್ಲಿ ಕೆನೆ ಬಣ್ಣದ ಪೀಸಿಟ್ಟು, "ಇದು ಪಿಂಕ್ ಹೊಡೀತದೆ, ಬೇಡ" ಅಂದರೆ ಅಪ್ಪ ವಾದ ಮಾಡುತ್ತಿರಲಿಲ್ಲ. ಪೀಸು ತೆಗೆದು, ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಅದರ ಬರೆಯದ ಬೆನ್ನನ್ನು ಅದೇ ಮಡಿಕೆಯಲ್ಲಿ ಇಡುತ್ತಿದ್ದರು. ಬಿಳಿ ಚೀಟಿಯೂ ಪಿಂಕಾಗಿ ಕಾಣುತ್ತಿತ್ತು. "ನೋಡ್ರಮ್ಮ, ಪಿಂಕು ಪೀಸಿಂದಲ್ಲ, ಸೀರೇದು" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನಮ್ಮ ಲ್ಯಾಬಿನಲ್ಲೂ ಅದೇ ಮಾಡುತ್ತೇವೆ. ನಿಜವಾದ ಟ್ಯೂಬಿನ ಜೊತೆಗೆ ಇನ್ನೊಂದು ಟ್ಯೂಬ್. ಅದೇ ರೋಗಿಯ ಕೋಶ, ಅವೇ ಬಣ್ಣಗಳು, ಒಂದನ್ನು ಬಿಟ್ಟು. ಕಿತ್ತಳೆಯನ್ನು ಬಿಟ್ಟಿದ್ದರೂ ಕಿತ್ತಳೆಯ ಕಿಟಕಿಯಲ್ಲಿ ಏನಾದರೂ ಕಂಡರೆ ಅದು ಅಕ್ಕಪಕ್ಕದ ಬಣ್ಣಗಳದ್ದು, ರೋಗದ್ದಲ್ಲ. ಪುಸ್ತಕದಲ್ಲಿ ಇದಕ್ಕೆ ಕಂಟ್ರೋಲ್ ಟ್ಯೂಬ್ ಅಂತ ಹೆಸರು. ನಾನು ಬಂದ ಮೊದಲ ವಾರವೇ 'ಬಿಳಿ ಚೀಟಿ' ಅಂತ ಕರೆದೆ, ಅದೇ ಉಳಿಯಿತು. ನಮ್ಮ ಪೆಥಾಲಜಿಸ್ಟ್ ಡಾಕ್ಟರ್ ಅನಿಕೇತ್ ಕೂಡ ಫೋನಿನಲ್ಲಿ "ಬಿಳಿ ಚೀಟಿ ಏನ್ ಹೇಳ್ತು?" ಅಂತಲೇ ಕೇಳುತ್ತಾರೆ. ಮೆಷಿನ್ನಿನ ಮೇಲಿನ ಗೋಡೆಗೆ ನನ್ನ ಕೈಬರಹದಲ್ಲಿ ಒಂದು ಹಾಳೆ ಅಂಟಿಸಿದೆ: ಬಿಳಿ ಚೀಟಿ ಇಲ್ಲದೆ ರಿಪೋರ್ಟ್ ಇಲ್ಲ.

ಪದ್ಧತಿ ಮಾಡಿದವಳು ನಾನು, ಅದನ್ನು ಮುರಿದವಳೂ ನಾನೇ. ಭದ್ರಮ್ಮನವರ ಸ್ಯಾಂಪಲ್ಲಿಗೆ ಮುರಿದೆ.

ಭದ್ರಮ್ಮ ಚೇಳೂರಿನ ಟೈಲರ್. ಮೂವತ್ತು ವರ್ಷದಿಂದ ಬಸ್ಸಿನಲ್ಲಿ ಗುಬ್ಬಿಗೆ ಬಂದು ನಮ್ಮ ಅಂಗಡಿಯಲ್ಲೇ ಲೈನಿಂಗು, ದಾರ ಒಯ್ಯುತ್ತಿದ್ದವರು. ನನ್ನ ಸ್ಕೂಲ್ ಯೂನಿಫಾರ್ಮಿನಿಂದ ಮದುವೆಯ ಬ್ಲೌಸಿನವರೆಗೆ ಎಲ್ಲ ಅವರ ಕೈಯದೇ. ಅಳತೆ ತೆಗೆಯುವಾಗ "ಉಸ್ರು ಹಿಡೀಬೇಡ್ವೇ, ಆಮೇಲೆ ನನ್ನ ಬೈಯ್ತೀಯ" ಅಂತ ಗದರುತ್ತಿದ್ದರು. ಈ ವರ್ಷದ ಆರಂಭದಲ್ಲಿ ಅವರಿಗೆ ಜ್ವರ ಬಿಡದೆ, ಮೈಮೇಲೆ ನೀಲಿ ಕಲೆಗಳೆದ್ದು, ಪರೀಕ್ಷೆ ಮಾಡಿದರೆ ರಕ್ತದ ಕ್ಯಾನ್ಸರ್ ಅಂತ ಬಂತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಮೊದಲ ಸುತ್ತಿನ ಕೀಮೋ ಆಯಿತು. ನಾಲ್ಕು ವಾರ ಒಂದೇ ರೂಮು. ಬಾಯಲ್ಲಿ ಹುಣ್ಣಾಗಿ ನೀರು ಕುಡಿಯಲೂ ಆಗುತ್ತಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಬೆಂಚಿನ ಮೇಲೆ ಐದು ನಿಮಿಷ ಕೂತಿದ್ದರು. ನಾನೂ ಇದ್ದೆ. ತಲೆಗೆ ಸೆರಗು ಎಳೆದುಕೊಂಡು ಹೇಳಿದರು: "ಡಾಕ್ಟ್ರು ಹೇಳವ್ರೆ. ಟೆಸ್ಟಲ್ಲಿ ಕ್ಲೀನ್ ಬಂದ್ರೆ ಇನ್ ಮೂರ್ ಸಲ ಸಣ್ಣ ಔಷ್ದಿ, ಅದನ್ನ ತಡ್ಕೊಂತೀನಿ. ಇನ್ನೂ ಐತೆ ಅಂತ ಬಂದ್ರೆ ಇದಕ್ಕಿಂತ ಜೋರಾಗಿರೋದಂತೆ. ಅದಕ್ಕೆ ಹೋಗಲ್ಲ ಕಣೇ ರೂಪ. ಮನೇಲಿ ಇದ್ಬುಡ್ತೀನಿ." ಹೇಳಿದ ಮೇಲೆ ಮಾಡುವವರೇ ಅವರು. ಮಗ ಕನಕರಾಜುವಿಗೂ ಅದು ಗೊತ್ತಿತ್ತು, ಅವನು ನೆಲ ನೋಡಿಕೊಂಡು ನಿಂತಿದ್ದ. ಆ ಟೆಸ್ಟ್ ಬರುವುದು ನಮ್ಮ ಲ್ಯಾಬಿಗೆ, ಮಾಡುವವಳು ನಾನು.

ಗುರುವಾರ ಮಜ್ಜೆಯ ಸ್ಯಾಂಪಲ್ ಬಂತು. ಟ್ಯೂಬ್ ನೋಡಿ ನನಗೆ ಸಿಟ್ಟು ಬಂತು, ತಳದಲ್ಲಿ ಒಂದಿಷ್ಟೇ ಇತ್ತು. ಕೀಮೋ ಆದ ಮೇಲೆ ಕೆಲವರಿಗೆ ಮಜ್ಜೆ ಸರಿಯಾಗಿ ಬರುವುದಿಲ್ಲ, ಯಾರ ತಪ್ಪೂ ಅಲ್ಲ. ರೋಗ ಉಳಿದಿಲ್ಲ ಅಂತ ಹೇಳಬೇಕಾದರೆ ಲಕ್ಷಗಟ್ಟಲೆ ಕೋಶ ಎಣಿಸಬೇಕು. ಬೇರೆ ಯಾರದಾದರೂ ಆಗಿದ್ದರೆ 'ಸ್ಯಾಂಪಲ್ ಸಾಲದು' ಅಂತ ಬರೆದು ವಾಪಸ್ ಕಳಿಸುತ್ತಿದ್ದೆ. ಆದರೆ ವಾಪಸ್ ಕಳಿಸಿದರೆ ಭದ್ರಮ್ಮನವರ ಸೊಂಟದ ಮೂಳೆಗೆ ಮತ್ತೆ ಸೂಜಿ. ಬೇಡ ಅನ್ನಿಸಿತು. ಬಿಳಿ ಚೀಟಿಗೆ ತೆಗೆದಿಡುವ ಕೋಶಗಳನ್ನೂ ನಿಜವಾದ ಟ್ಯೂಬಿಗೇ ಸುರಿದೆ. ಇವರದ್ದರಲ್ಲಿ ಒಂದು ಕೋಶವೂ ನನ್ನ ಕಣ್ಣು ತಪ್ಪಬಾರದು ಅಂತ ಇತ್ತು.

ಇನ್ನೊಂದೂ ಆಗಿತ್ತು. ಅವರ ಕೆಟ್ಟ ಕೋಶಗಳಿಗೆ ಒಂದು ಹೆಗ್ಗುರುತಿತ್ತು. ಆ ಜಾತಿಯ ಕೋಶದ ಮೇಲೆ ಇರಬಾರದ 'ಸಿಡಿ ಏಳು' ಅನ್ನುವ ಗುರುತು ಅವುಗಳ ಮೇಲೆ ತೆಳ್ಳಗೆ ಇತ್ತು. ಅದನ್ನು ಹುಡುಕುವುದು ಕಿತ್ತಳೆಯ ಕಿಟಕಿಯಲ್ಲಿ. ಎಳೆಯ ಕೋಶಗಳ ಮೇಲೆಲ್ಲ ರಾಶಿ ಇರುವ ಇನ್ನೊಂದು ಗುರುತಿಗೆ ನಾವು ಯಾವಾಗಲೂ ದೂರದ ಕಿಟಕಿಯ ಬಣ್ಣ ಹಾಕುತ್ತಿದ್ದೆವು. ಆ ವಾರ ಆ ಬಣ್ಣದ ಬಾಟಲಿ ಖಾಲಿ. ಶೆಲ್ಫಿನಲ್ಲಿ ಅದೇ ಗುರುತಿನದು ಹಸಿರಿನಲ್ಲಿತ್ತು. ಹಸಿರು ಕಿತ್ತಳೆಯ ಪಕ್ಕದ ಮನೆ, ಅದೂ ಭಾರಿ ಹೊಳೆಯುವ ಹಸಿರು. ಸಾಫ್ಟ್‌ವೇರ್ ಕಳೆದುಕೊಡುತ್ತದಲ್ಲ ಅಂದುಕೊಂಡೆ. ಸಾಫ್ಟ್‌ವೇರನ್ನು ನಂಬಬೇಡಿ ಅಂತ ಊರಿಗೆಲ್ಲ ಪಾಠ ಹೇಳುವವಳು ನಾನು.

ಶುಕ್ರವಾರ ಓಡಿಸಿದಾಗ ಕಿತ್ತಳೆಯ ಕಿಟಕಿಯಲ್ಲಿ ಚುಕ್ಕೆಗಳು ಕಂಡವು. ನೂರಕ್ಕೆ ಸೊನ್ನೆ ಪಾಯಿಂಟ್ ಒಂಬತ್ತು. ಮೂರು ಸಲ ನೋಡಿದೆ, ಅನಿಕೇತ್ ಒಂದು ಸಲ ನೋಡಿದರು. ಬಿಳಿ ಚೀಟಿ ಎಲ್ಲಿ ಅಂತ ಕೇಳಿದರು, ಸ್ಯಾಂಪಲ್ ಇರಲಿಲ್ಲ ಸರ್ ಅಂದೆ. ನನ್ನ ಮೇಲಿನ ನಂಬಿಕೆಯಿಂದ ಅವರು ಸಹಿ ಮಾಡಿದರು. ರೋಗದ ಕೋಶಗಳು ಉಳಿದಿವೆ ಅಂತ ರಿಪೋರ್ಟ್ ಹೋಯಿತು.

ಶನಿವಾರ ಬೆಳಗ್ಗೆ ಕನಕರಾಜು ಬಂದ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಅದೇ ನೀಲಿ ಶರ್ಟಿನಲ್ಲಿದ್ದ. ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದ.

"ಒಂದ್ ಪರ್ಸೆಂಟೂ ಇಲ್ವಲ್ಲ ರೂಪಕ್ಕ. ಇದು ಕಮ್ಮಿ ಅಲ್ವಾ?"

"ಈ ಕಾಯಿಲೇಲಿ ಅದು ಕಮ್ಮಿ ಅಲ್ಲ ಕಣೋ" ಅಂದೆ.

ಎಲ್ಲ ತಿಳಿದವಳ ದನಿಯಲ್ಲಿ ಹೇಳಿದೆ. ಆ ದನಿ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಗುಬ್ಬಿಗೆ ಹೋದೆ. ಅಂಗಡಿಯಲ್ಲಿ ಅಪ್ಪ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ನನ್ನದೇ ಬ್ಲೌಸು, ಗಿಣಿಹಸಿರು. ತಿಂಗಳುಗಳ ಹಿಂದೆ, ಅವರಿಗೆ ಕಾಯಿಲೆ ಅಂತ ಗೊತ್ತಾಗುವ ಮೊದಲು ಹೊಲಿಯಲು ಕೊಟ್ಟಿದ್ದೆ. ಎಡತೋಳು ಹಾಕಿ ಆಗಿತ್ತು. ಬಲತೋಳು ಗುಂಡುಪಿನ್ನಿನಲ್ಲಿ ಸಿಕ್ಕಿಸಿ ಹಾಗೇ ಬಿಟ್ಟಿತ್ತು.

"ಕನಕರಾಜು ಕೊಟ್ಟೋದ" ಅಂದರು ಅಪ್ಪ. "ಭದ್ರಮ್ಮ ಎಲ್ಲಾರ್ ಬಟ್ಟೇನೂ ವಾಪಸ್ ಕಳಿಸ್ತಾವ್ಳಂತೆ. ಅರ್ಧ ಹೊಲ್ದಿದ್ದನ್ನ ಅವ್ಳು ಯಾವತ್ತೂ ವಾಪಸ್ ಕೊಟ್ಟೋಳಲ್ಲ."

ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ರಿಪೋರ್ಟಿನ ವಿಷಯ ಹೊರಗೆ ಮಾತಾಡುವ ಹಾಗಿಲ್ಲ, ಅದೊಂದು ನೆಪ. ಹೇಳಲು ಬಾಯಿ ಬರಲಿಲ್ಲ ಅನ್ನುವುದು ನಿಜ. ಇಷ್ಟಾದರೂ ನನ್ನ ಕೆಲಸದಲ್ಲಿ ತಪ್ಪಿರಬಹುದು ಅಂತ ಆಗ ಒಂದು ಕ್ಷಣವೂ ಹೊಳೆಯಲಿಲ್ಲ. ದೇವರನ್ನು ಬೈದುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಸೋಮವಾರ ಕುಣಿಗಲ್ಲಿನ ಮೇಷ್ಟರೊಬ್ಬರ ಸ್ಯಾಂಪಲ್ ಬಂತು. ಅವರದೂ ಕೀಮೋ ಆದ ಮೇಲಿನ ಪರೀಕ್ಷೆ. ಆದರೆ ಅವರ ರೋಗದ ಹೆಗ್ಗುರುತೇ ಬೇರೆ, ಸಿಡಿ ಏಳು ಅವರ ಕೆಟ್ಟ ಕೋಶಗಳ ಮೇಲೆ ಯಾವತ್ತೂ ಇರಲಿಲ್ಲ. ಮಜ್ಜೆ ಧಾರಾಳವಾಗಿತ್ತು, ಹಾಗಾಗಿ ಪದ್ಧತಿಯ ಪ್ರಕಾರ ಎರಡು ಟ್ಯೂಬ್. ಬಣ್ಣಗಳು ಭದ್ರಮ್ಮನವರಿಗೆ ಹಾಕಿದವೇ, ಹಸಿರೂ ಅದೇ. ಮೊದಲ ಟ್ಯೂಬ್ ಓಡಿಸಿದೆ. ಕಿತ್ತಳೆಯ ಕಿಟಕಿಯಲ್ಲಿ, ಭದ್ರಮ್ಮನವರಿಗೆ ಕಂಡ ಜಾಗದಲ್ಲೇ, ಅಷ್ಟೇ ಚುಕ್ಕೆಗಳು ಕಂಡವು. ಸೊನ್ನೆ ಪಾಯಿಂಟ್ ಎಂಟು.

ಬಿಳಿ ಚೀಟಿಯ ಟ್ಯೂಬ್ ಹಾಕಿದೆ. ಅದರಲ್ಲಿ ಕಿತ್ತಳೆ ಬಣ್ಣವನ್ನೇ ಹಾಕಿರಲಿಲ್ಲ. ಆದರೂ ಅದೇ ಚುಕ್ಕೆಗಳು ಅದೇ ಜಾಗದಲ್ಲಿ ಬಂದವು. ಅವು ಮೇಷ್ಟರ ರೋಗವಲ್ಲ, ನಾನು ಆರಿಸಿದ ಹಸಿರು.

ಶುಕ್ರವಾರದ ಫೈಲು ತೆಗೆದೆ. ಈಗ ನೋಡಿದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ನಿಜವಾದ ರೋಗದ ಕೋಶಗಳು ಒಂದು ಕಡೆ ಗುಂಪಾಗಿ ಕೂರುತ್ತವೆ, ಆ ಗುಂಪಿಗೆ ಅಂಚಿರುತ್ತದೆ. ಇದು ಹಸಿರು ಹೆಚ್ಚಾದ ಕಡೆ ಮೇಲಕ್ಕೆ ಎಳೆದುಕೊಂಡು ಹೋದ ಬಾಲ, ಇದಕ್ಕೆ ಅಂಚೇ ಇರಲಿಲ್ಲ. ಹೊಸಬರಿಗೆ ಮೊದಲ ದಿನ ತೋರಿಸುವ ಪಾಠ ಇದು. ಭದ್ರಮ್ಮನವರ ರೋಗ ಉಳಿದಿದ್ದರೆ ಅಂತ ಹೆದರಿದ್ದೆ, ಹೆದರಿದ್ದನ್ನೇ ಕಂಡೆ. ಹಾಗಂತ ರೋಗ ಇಲ್ಲ ಅಂತಲೂ ಹೇಳುವ ಹಾಗಿರಲಿಲ್ಲ. ಆ ಬಾಲದೊಳಗೆ ನಿಜವಾದ ಹತ್ತು ಕೆಟ್ಟ ಕೋಶ ಅವಿತಿದ್ದರೂ ನನಗೆ ಕಾಣುತ್ತಿರಲಿಲ್ಲ. ಮಿಕ್ಕ ಸ್ಯಾಂಪಲ್ ಒಂದು ಹನಿಯೂ ಇರಲಿಲ್ಲ.

ಅನಿಕೇತ್ ರೂಮಿಗೆ ಹೋಗಿ ಎರಡು ಪ್ರಿಂಟೂ ಮೇಜಿನ ಮೇಲಿಟ್ಟೆ. ಒಳ್ಳೆಯ ಡಾಕ್ಟರು, ನೋಡಿದ ತಕ್ಷಣ ಅರ್ಥವಾಯಿತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಬುಧವಾರ ಇನ್‌ಸ್ಪೆಕ್ಷನ್ ಟೀಮ್ ಬರ್ತಿದೆ ರೂಪಶ್ರೀ. ವಾಪಸ್ ತಗೊಂಡ ರಿಪೋರ್ಟ್ ಅಂದ್ರೆ ಅದೇ ಮೊದಲ್ನೇ ಪ್ರಶ್ನೆ. ಗುರುವಾರ ಮಾಡೋಣ. ಮೂರು ದಿನ ಅಷ್ಟೆ."

"ಆ ಮೂರು ದಿನದಲ್ಲಿ ಅವ್ರು ಮಾತ್ರೆನೂ ನಿಲ್ಲಿಸ್ತಾರೆ ಸರ್. ಸಾಯೋಕೆ ರೆಡಿ ಆಗ್ತಿದಾರೆ, ನಾವ್ ಬರ್ದಿದ್ದನ್ನ ಓದ್ಕೊಂಡು."

"ನೀವ್ ಇಷ್ಟು ಎಮೋಷನಲ್ ಆದ್ರೆ..."

"ಆಗಿದ್ದಕ್ಕೇ ಈ ತಪ್ಪಾಗಿದ್ದು. ಗೊತ್ತು ನಂಗೆ. ಈಗ ಸಹಿ ಮಾಡಿ."

ದನಿ ಏರಿತ್ತು. ಹೊರಗೆ ರಿಸೆಪ್ಷನ್ನಿನ ಮೋನಿಕಾ ಎದ್ದು ನಿಂತು ಗಾಜಿನಿಂದ ನೋಡುತ್ತಿದ್ದಳು. ಅನಿಕೇತ್ ಕನ್ನಡಕ ಹಾಕಿಕೊಂಡರು. ಆಮೇಲೆ ಕಂಪ್ಯೂಟರ್ ತಿರುಗಿಸಿಕೊಂಡು 'ತಾಂತ್ರಿಕ ಕಾರಣಗಳಿಂದ' ಅಂತ ಟೈಪ್ ಮಾಡತೊಡಗಿದರು. ನಾನು ತಡೆದೆ. ಬಣ್ಣದ ಆಯ್ಕೆ ತಪ್ಪಾಗಿತ್ತು, ಕಂಟ್ರೋಲ್ ಟ್ಯೂಬ್ ಇಟ್ಟಿರಲಿಲ್ಲ, ಮಾಡಿದವರು ರೂಪಶ್ರೀ, ಹೊಸ ಸ್ಯಾಂಪಲ್ ಬೇಕು ಅಂತ ಬರೆಸಿದೆ. ಕೆಳಗೆ ಅವರೇ ಇನ್ನೊಂದು ಸಾಲು ಸೇರಿಸಿದರು: ಪರಿಶೀಲಿಸಿದವರು ಅನಿಕೇತ್. ಅದಕ್ಕೆ ಅವರ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು.

ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಹೇಳಿದ್ದಾಯಿತು. ಕನಕರಾಜುವಿಗೆ ಮಾಡಿದರೆ, "ಅಮ್ಮ ಇನ್ನ್ ಯಾವ್ ರಿಪೋರ್ಟೂ ಬೇಡ ಅಂತವ್ರೆ ರೂಪಕ್ಕ, ಆಸ್ಪತ್ರೆ ಫೋನ್ ಅಂದ್ರೆ ತಗಳಲ್ಲ" ಅಂದ. ನಾನೇ ಬರುತ್ತೇನೆ ಅಂದೆ. ಮಧ್ಯಾಹ್ನದ ಬಸ್ಸು ಹಿಡಿದು ಗುಬ್ಬಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚೇಳೂರು. ಬ್ಯಾಗಿನಲ್ಲಿ ಆ ಬ್ಲೌಸಿತ್ತು, ಯಾಕೆ ತಂದೆನೋ ಗೊತ್ತಿಲ್ಲ.

ಭದ್ರಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಗುಂಡಿಗಳನ್ನು ಡಬ್ಬಿಗಳಿಗೆ ತುಂಬುತ್ತಿದ್ದರು. ಹೊಲಿಗೆ ಮಿಷನ್ನಿನ ಮೇಲೆ ಹಳೇ ಸೀರೆ ಹೊದಿಸಿತ್ತು. ನನ್ನನ್ನು ನೋಡಿ ನಕ್ಕರು, ಕೂರಿಸಿದರು, ಮಗನಿಗೆ ಟೀ ಇಡಲು ಹೇಳಿದರು. ನಾನು ಟೀ ಬರುವ ತನಕ ಕಾಯಲಿಲ್ಲ.

"ಭದ್ರಮ್ಮಾ, ಆ ರಿಪೋರ್ಟ್ ತಪ್ಪು. ನಾನ್ ಮಾಡಿದ್ ತಪ್ಪು."

"ಅಂದ್ರೆ ಕಾಯ್ಲೆ ಇಲ್ವಾ?"

"ಅದು ಗೊತ್ತಿಲ್ಲ. ಇದೆ ಅಂತ ಬರ್ದಿದ್ದೆ, ಹಂಗ್ ಬರೆಯೋಕೆ ನನ್ ಹತ್ರ ಆಧಾರ ಇರ್ಲಿಲ್ಲ. ಇಲ್ಲ ಅಂತ ಹೇಳೋಕೂ ಇಲ್ಲ."

"ಇಷ್ಟ್ ದೂರ ಬಸ್ಸಲ್ಲ್ ಬಂದು ಗೊತ್ತಿಲ್ಲ ಅಂತ ಹೇಳ್ತಿದೀಯಲ್ಲೇ."

ವಿವರಿಸಲು ನೋಡಿದೆ. ಕೋಶ, ಲೇಸರ್, ಕಿಟಕಿ ಅಂತ ಶುರು ಮಾಡಿದರೆ ಅವರ ಮುಖ ಖಾಲಿಯಾಗೇ ಇತ್ತು. ಪಕ್ಕದ ಲೈನಿಂಗ್ ಬಟ್ಟೆಗಳ ರಾಶಿಯಿಂದ ಒಂದು ಕಡುಗೆಂಪು ತುಂಡು ಎಳೆದು ಮಡಿಕೆ ಮಾಡಿದೆ. ಅದರಲ್ಲಿ ಒಂದು ಕೆನೆಬಣ್ಣದ ಚೂರಿಟ್ಟೆ. ಅಷ್ಟಕ್ಕೇ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಚೀಟಿ ಇಟ್ಟಿದ್ಯಾ?"

"ಇಲ್ಲ."

"ಯಾಕೆ?"

"ಸ್ಯಾಂಪಲ್ ಕಮ್ಮಿ ಇತ್ತು. ನಿಮ್ದು ಅಂತ... ಎಲ್ಲಾನೂ ಒಂದ್ರಲ್ಲೇ ಹಾಕ್ದೆ. ವಾಪಸ್ ಕಳಿಸಿದ್ರೆ ನಿಮಗೆ ಮತ್ತೆ ಸೂಜಿ ಚುಚ್ತಾರೆ ಅಂತ."

ಭದ್ರಮ್ಮ ಕೆಂಪು ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮಡಚಿ ರಾಶಿಯ ಮೇಲೆ ಹಾಕಿದರು.

"ನಿಮ್ಮಪ್ಪ ನನ್ ಮುಖ ನೋಡ್ಕೊಂಡ್ ಚೀಟಿ ಇಡೋದ್ ಬುಟ್ಟೋರಲ್ಲ. ಒಂದಿನಾನೂ ಇಲ್ಲ. ಮೂವತ್ ವರ್ಷ ಅದಕ್ಕೇ ಅಲ್ಲಿಗ್ ಹೋಯ್ತಿದ್ದೆ ನಾನು. ನೀನ್ ನನ್ ಹೆಸ್ರು ಹೇಳಿ ತಪ್ಪು ಮಾಡ್ದೆ, ಈಗ ಬಂದು ಮತ್ತೆ ಸೂಜಿ ಚುಚ್ಚುಸ್ಕೊ ಅಂತೀಯ. ಚುಚ್ಚುಸ್ಕೊಳ್ಳೋಳ್ ನಾನು ಕಣೇ, ನೀನಲ್ಲ."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ನಾನೂ ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಕನಕರಾಜು ಟೀ ತಂದಿಟ್ಟು ಬಾಗಿಲ ಬಳಿ ನಿಂತ. ಭದ್ರಮ್ಮ ಇನ್ನೂ ಒಂದು ಡಬ್ಬಿ ಗುಂಡಿ ತುಂಬಿ ಮುಚ್ಚಳ ಹಾಕಿದರು. ಬಿಗಿಯಾಗಲಿಲ್ಲ, ಕೈಯಲ್ಲಿ ಶಕ್ತಿ ಇರಲಿಲ್ಲ. ನಾನು ಮುಂದಾದರೆ ಕೊಡಲಿಲ್ಲ.

"ಬತ್ತೀನಿ" ಅಂದರು ಕೊನೆಗೆ. "ಒಂದೇ ಸಲ. ಆದ್ರೆ ನೀನು ಮಾಡೋವಾಗ ನಾನು ಅಲ್ಲೇ ಕೂತಿರ್ತೀನಿ. ಚೀಟಿ ಇಡೋದ್ನ ನನ್ ಕಣ್ಣಲ್ಲಿ ನೋಡ್ಬೇಕು. ಇದ್ರೆ ಇದೆ ಅಂತ ನನ್ ಮುಖಕ್ಕೇ ಹೇಳು. ಆಮೇಲೆ ಯಾರೂ ನನ್ನ ಒತ್ತಾಯ ಮಾಡಂಗಿಲ್ಲ."

ಸರಿ ಅಂದೆ. ಬ್ಲೌಸನ್ನು ಬ್ಯಾಗಿನಿಂದ ಹೊರಗೆ ತೆಗೆಯುವ ಧೈರ್ಯ ಬರಲಿಲ್ಲ.

ಬುಧವಾರದ ಇನ್‌ಸ್ಪೆಕ್ಷನ್ನಿನಲ್ಲಿ ಮೊದಲ ಪ್ರಶ್ನೆ ಅದೇ ಬಂತು. ಅರ್ಧ ಗಂಟೆ ನಿಂತುಕೊಂಡು ಉತ್ತರ ಹೇಳಿದೆ. ನನ್ನ ಹೆಸರಿನ ಮುಂದೆ ಒಂದು ತಪ್ಪು ದಾಖಲಾಯಿತು, ಆರು ತಿಂಗಳು ನನ್ನ ಪ್ರತಿ ಪ್ಯಾನೆಲ್ಲನ್ನೂ, ಅಂದರೆ ಒಂದು ಪರೀಕ್ಷೆಗೆ ಆರಿಸಿದ ಬಣ್ಣಗಳ ಜೋಡಣೆಯನ್ನು, ಇನ್ನೊಬ್ಬರು ನೋಡಿ ಒಪ್ಪಬೇಕು ಅಂತ ಆಯಿತು. ಮರ್ಯಾದೆ ಹೋಯಿತು ಅಂತ ಮನೆಗೆ ಹೋಗಿ ಒಂದು ಹೊತ್ತು ಊಟ ಬಿಟ್ಟೆ, ಮರುದಿನ ಬೆಳಗ್ಗೆ ಹಸಿವಾಗಿ ತಿಂದೆ. ಅದೇ ಗುರುವಾರ ದೂರದ ಕಿಟಕಿಯ ಬಣ್ಣ ಬಂತು. ಐಸಿನ ಡಬ್ಬಿ ನಾನೇ ಒಡೆದು, ನಾನೇ ಫ್ರಿಜ್ಜಿಗಿಟ್ಟೆ. ಆ ಹಸಿರು ಬಾಟಲಿಯನ್ನು ಬೇರೆ ಪ್ಯಾನೆಲ್ಲಿನ ತಟ್ಟೆಗೆ ಸಾಗಿಸಿದೆ. ಅದರದ್ದೇನೂ ತಪ್ಪಿಲ್ಲ, ನಾನು ಕೂರಿಸಿದ ಜಾಗದ್ದು.

ಶುಕ್ರವಾರ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಸೂಜಿ ಹಾಕಿದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಭದ್ರಮ್ಮ ಕೂಗಿದ್ದು ಒಂದೇ ಸಲ, ಅದು ಸಾಕಾಗಿತ್ತು ನನಗೆ. ಈ ಸಲ ಮಜ್ಜೆ ಚೆನ್ನಾಗಿ ಬಂತು. ಹನ್ನೆರಡಕ್ಕೆ ಅವರು ಲ್ಯಾಬಿನಲ್ಲಿದ್ದರು. ಒಳಗೆ ಯಾರನ್ನೂ ಬಿಡುವ ಹಾಗಿಲ್ಲ. ಅನಿಕೇತ್ ತಾವೇ ಗೌನು, ಶೂ ಕವರ್ ಕೊಟ್ಟು, ರಿಸೆಪ್ಷನ್ನಿನ ಮೆತ್ತನೆಯ ಕುರ್ಚಿ ಒಳಗೆ ಹಾಕಿಸಿದರು. ಭದ್ರಮ್ಮ ಸೊಂಟವನ್ನು ಒಂದು ಕಡೆಗೆ ಎತ್ತಿಕೊಂಡು ಕೂತರು. ಬ್ಯಾಗು ತೊಡೆಯ ಮೇಲಿತ್ತು.

ಅವರ ಮುಂದೆಯೇ ಎರಡು ಟ್ಯೂಬ್ ಇಟ್ಟೆ. ಒಂದರ ಮೇಲೆ ಅವರ ಹೆಸರು, ಇನ್ನೊಂದರ ಮೇಲೆ ಅವರ ಹೆಸರು ಮತ್ತು 'ಬಿಳಿ ಚೀಟಿ'. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. ಬಣ್ಣ ಹಾಕುವಾಗ ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತ ಹಾಕಿದೆ. ಕಿತ್ತಳೆ ಒಂದಕ್ಕೆ ಮಾತ್ರ. ಕತ್ತಲಲ್ಲಿ ಇಟ್ಟು, ತೊಳೆದು, ಮೆಷಿನ್ನಿಗೆ ಹಾಕುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಅಷ್ಟು ಹೊತ್ತೂ ಅವರು ಕುರ್ಚಿಯಿಂದ ಏಳಲಿಲ್ಲ.

ಮೊದಲು ಬಿಳಿ ಚೀಟಿ ಓಡಿಸಿದೆ. ಕಿತ್ತಳೆಯ ಕಿಟಕಿ ಖಾಲಿ ಇತ್ತು. ಅಂಚಿನಲ್ಲಿ ಎಲ್ಲೋ ಮೂರು ಚುಕ್ಕೆ, ಪ್ರತಿ ಮೆಷಿನ್ನಿನಲ್ಲೂ ಬೀಳುವ ಕಸ.

ಆಮೇಲೆ ಅವರ ಟ್ಯೂಬು. ಒಂದು ಲಕ್ಷ ಕೋಶ ಆಯಿತು. ಎರಡು ಲಕ್ಷ. ಅನಿಕೇತ್ ನನ್ನ ಹಿಂದೆ ನಿಂತಿದ್ದರು. ನಾಲ್ಕು ಲಕ್ಷ. ಐದು ಲಕ್ಷಕ್ಕೆ ಮೆಷಿನ್ ನಿಂತಿತು. ಎರಡು ಚಿತ್ರಗಳನ್ನೂ ಸ್ಕ್ರೀನಿನಲ್ಲಿ ಅಕ್ಕಪಕ್ಕ ಇಟ್ಟೆ.

ಭದ್ರಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅಂಗಡಿಯಲ್ಲಿ ದಾರ ಆರಿಸುವಾಗ ಮಾಡುತ್ತಿದ್ದ ಹಾಗೆ ಒಂದು ಕಣ್ಣು ಕಿರಿದು ಮಾಡಿ ಒಂದು ಸಲ ಎಡಕ್ಕೆ ನೋಡಿದರು, ಒಂದು ಸಲ ಬಲಕ್ಕೆ. ಸ್ಕ್ರೀನಿನ ಮೇಲೆ ಬೆರಳಿಟ್ಟು ಕೇಳಿದರು:

"ಇಲ್ಲಿ ಎರಡ್ ಚುಕ್ಕೆ ಐತಲ್ಲ?"

"ಚೀಟೀಲಿ ಮೂರಿದೆ ನೋಡಿ."

ಅವರು ನೋಡಿದರು. ಎಣಿಸಿದರು.

"ಹಂಗಾದ್ರೆ ಎರಡೂ ಒಂದೇ ಥರ ಐತೆ."

"ಹೌದು ಭದ್ರಮ್ಮ. ನಮಗೆ ಕಾಣೋ ಮಟ್ಟಿಗೆ, ಇಲ್ಲ."

ಅನಿಕೇತ್ ನನ್ನ ಭುಜದ ಮೇಲಿನಿಂದ ಬಾಗಿ ಇನ್ನೊಂದು ಸಲ ನೋಡಿ, "ಇಲ್ಲ" ಅಂದರು.

ಭದ್ರಮ್ಮ ಹಿಂದಕ್ಕೆ ಒರಗಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಖುಷಿಯ ಮುಖವಲ್ಲ ಅದು, ಸುಸ್ತಾದವರ ಮುಖ.

"ಸೋಮವಾರ ನೀನು ಚೇಳೂರಿಗೆ ಬರ್ದೇ ಇದ್ದಿದ್ರೆ?"

ಕುಣಿಗಲ್ಲಿನ ಮೇಷ್ಟರ ಮಜ್ಜೆ ನೆನಪಾಯಿತು. ಅದು ಸೋಮವಾರದ ಬದಲು ಮುಂದಿನ ವಾರ ಬಂದಿದ್ದರೆ, ಅಷ್ಟರಲ್ಲಿ ಹೊಸ ಬಣ್ಣ ಬಂದಿದ್ದರೆ, ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಭದ್ರಮ್ಮ ಚೇಳೂರಿನಲ್ಲಿ ಗುಂಡಿ ತುಂಬಿಕೊಂಡು ಕೂತೇ ಇರುತ್ತಿದ್ದರು, ನಾನು ದೇವರನ್ನು ಬೈಯುತ್ತಲೇ ಇರುತ್ತಿದ್ದೆ. ಇದನ್ನು ಅವರಿಗೆ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

ಅವರು ತಲೆಯಾಡಿಸಿದರು. ಕ್ಷಮಿಸಿದೆ ಅನ್ನಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೇಳಿದರು:

"ಆ ಗಿಣಿಹಸ್ರು ಬ್ಲೌಸ್ ಎಲ್ಲೈತೆ?"

ಅದು ಹೊರಗೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಅವರನ್ನು ನಿಧಾನವಾಗಿ ಹೊರಗೆ ಕರೆತಂದು ಕೂರಿಸಿ, ಗೌನು ಬಿಚ್ಚಿ, ಕೈ ತೊಳೆದು ಬಂದು ಕವರ್ ಕೊಟ್ಟೆ. ಅವರು ಬ್ಲೌಸನ್ನು ತೊಡೆಯ ಮೇಲೆ ಹರಡಿ, ಪಿನ್ ಸಿಕ್ಕಿಸಿದ್ದ ಬಲತೋಳನ್ನು ಮುಟ್ಟಿ ನೋಡಿದರು. ಒಂದು ಪಿನ್ ತುಕ್ಕು ಹಿಡಿದಿತ್ತು, ಅದನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಇದು ಹಳೇ ಅಳತೆ. ಮುಂದಿನ್ ವಾರ ಆ ಸಣ್ಣ ಔಷ್ದಿಗೆ ಆಸ್ಪತ್ರೆ ಸೇರೋದ್ರೊಳಗೆ ಮುಗಿಸ್ತೀನಿ. ಎದ್ದ್ ನಿಲ್ಲು, ಕೈ ಎತ್ತು."

"ಈಗ್ಲೇನಾ? ಟೇಪ್ ಎಲ್ಲಿಂದ ತರ್ಲಿ?"

ಅವರು ಬ್ಯಾಗಿನ ಜಿಪ್ ಎಳೆದು ಟೇಪು ತೆಗೆದರು. ಮೂಳೆಗೆ ಸೂಜಿ ಹಾಕಿಸಿಕೊಳ್ಳಲು ಚೇಳೂರಿನಿಂದ ಹೊರಡುವಾಗ, ರಿಪೋರ್ಟ್ ಏನು ಬರುತ್ತದೋ ಯಾರಿಗೂ ಗೊತ್ತಿಲ್ಲದಿದ್ದಾಗ, ಅದನ್ನು ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದರು.

"ಉಸ್ರು ಹಿಡೀಬೇಡ್ವೇ" ಅಂದರು.

ನಾನು ಕೈ ಎತ್ತಿದೆ.